ಭಾಷೆ ಆಯ್ದುಕೊಳ್ಳಿ

ಮಾಸಾಂಬಾ ಫೋನನ್ನು ಮೇಜಿನ ಮೇಲಿಡಲಿಲ್ಲ,
ನನ್ನ ಅಂಗೈಗೇ ಇಟ್ಟ.
ಉಪ್ಪು, ಡೀಸೆಲ್ಲು, ಒಣಗಿದ ಮೀನಿನ ಪೊರೆ.
ಒತ್ತಿದರೆ ಕಂಪನಿಯ ಹೆಸರು ಬೆಳಗುತ್ತದೆ,
ಆರುತ್ತದೆ, ಮತ್ತೆ ಬೆಳಗುತ್ತದೆ:
ತನ್ನ ಹೆಸರಿನಾಚೆ ಏನೂ ನೆನಪಿಲ್ಲದವರು
ಹೆಸರನ್ನೇ ಹೇಳುತ್ತಾ ಕೂರುವಂತೆ.

"ಹಣೆಬರಹ ಅಳಿಸಿ ಹೊಸದು ಬರೀಬೇಕು," ಅಂದೆ.
"ಮುನ್ನೂರು ಊಗಿಯಾ. ಏಳದಿದ್ದರೆ ದುಡ್ಡು ಬೇಡ."
"ಒಳಗೆ ನನ್ನ ಮಡಕೆಗಳಿವೆ, ಪೆಂದಾ," ಅಂದ.

ನುವಾಕ್‌ಶಾಟಿನ ಈ ಸಂತೆಯಲ್ಲಿ
ಹನ್ನೊಂದು ವರ್ಷದಿಂದ ಕೂತಿದ್ದೇನೆ.
ಒಳಗೆ ಮದುವೆಯಿದೆ ಅಂದವರುಂಟು,
ಸಾಲದ ಲೆಕ್ಕವಿದೆ ಅಂದವರುಂಟು,
ಮಡಕೆ ಅಂದವನು ಇವನೊಬ್ಬ.

ಆಮೇಲೆ ತಿಳಿಯಿತು, ಆಕ್ಟೋಪಸ್ ಹಿಡಿಯುವ ಮಡಕೆ.
ಹಗ್ಗಕ್ಕೆ ಪೋಣಿಸಿ ಸಮುದ್ರದ ತಳಕ್ಕೆ ಇಳಿಬಿಡುತ್ತಾರೆ.
ಬಾಗಿಲಿಲ್ಲದ ಮನೆ ಕಂಡರೆ ಆ ಪ್ರಾಣಿಗೆ ಆಸೆ;
ಹೊಕ್ಕು ಕೂತರೆ ಮೇಲೆಳೆಯುವಾಗಲೂ ಬಿಟ್ಟು ಹೋಗದು.
ನಾನೂರು ಮಡಕೆ, ಎಂಟು ಹಗ್ಗ.
ಕಳ್ಳರ ಕಣ್ಣಿಗೆ ಬೀಳದಿರಲೆಂದು
ಮೇಲೆ ತೇಲುಬುರುಡೆ ಕಟ್ಟಿಲ್ಲ.
ಎಲ್ಲಿವೆಯೆಂದು ಬಲ್ಲದ್ದು
ಈ ಫೋನಿನ ನಕ್ಷೆ ಮಾತ್ರ: ಎಂಟು ಕೆಂಪು ಚುಕ್ಕೆ.

ಎರಡು ಬಗೆಯ ಕಡತಗಳಿರುತ್ತವೆ.
ಒಂದು ಗೋಡೆ ದುರಸ್ತಿ ಮಾಡಿ ಸಾಮಾನು ಮುಟ್ಟದೆ ಬಿಡುವುದು,
ಇನ್ನೊಂದು ಗುಡಿಸಿ, ಸಾರಿಸಿ, ಬರಿದು ಮಾಡುವುದು.
ಮೊದಲನೆಯದನ್ನೇ ಆರಿಸಿದೆ.

ವಾಲ್ಯೂಮಿನ ಗುಂಡಿ, ಪವರಿನ ಗುಂಡಿ, ಒಟ್ಟಿಗೆ,
ಏಳು ಎಣಿಸುವ ತನಕ.
ಪರದೆ ನೀಲಿಯಾಯಿತು. ಕಂಪ್ಯೂಟರು ಟಣ್ ಅಂದಿತು.
ಹುಡುಗ ಇಸೆಲ್ಮು ಮೊದಲ ಲೋಟ ಚಹಾವನ್ನು
ಎತ್ತಿ ಎತ್ತಿ ಸುರಿಯುತ್ತಿದ್ದ.
ಗೆರೆ ಹೊರಟಿತು,
ಮೂವತ್ತೊಂದಕ್ಕೆ ಕೇಬಲ್ ಕೈಕೊಟ್ಟಿತು.

ಮತ್ತೆ. ಈ ಸಲ ನಾನೇ ಕೈ ಕೊಟ್ಟೆ:
ತಂತಿಯ ಕತ್ತನ್ನು ಹೆಬ್ಬೆರಳಿಂದ ಓರೆಯಾಗಿ ಒತ್ತಿ,
ಮೊಣಕೈ ಮೇಜಿಗೂರಿ,
ಸೀನು ಬಂದರೂ ಸೀನದೆ ಹದಿನಾಲ್ಕು ನಿಮಿಷ.
ಹೊರಗೆ ಮರಳುಗಾಳಿ ತಗಡನ್ನು ಕೆರೆಯಿತು.
ಎರಡನೆಯ ಲೋಟ ನನ್ನೆದುರೇ ಆರಿ
ನೊರೆ ಅಂಚಿಗಂಟಿ ಒಣಗಿತು.
ಮಾಸಾಂಬಾ ಗೆರೆಯನ್ನು ನೋಡಲಿಲ್ಲ,
ನನ್ನ ಹೆಬ್ಬೆರಳನ್ನೇ ನೋಡುತ್ತಿದ್ದ,
ಗಾಳಕ್ಕೆ ಎಳೆತ ಬಿದ್ದಾಗ ನೋಡುವ ಹಾಗೆ.

ಹಸಿರು. ಮುಗಿಯಿತು. ಫೋನು ನಡುಗಿತು.
ಕಂಪನಿಯ ಹೆಸರು ಬಂತು,
ಆರಿತು.
ಬಂತು.

ಇಂಥ ಹೊತ್ತಲ್ಲಿ ಏನನ್ನಬೇಕೆಂದು
ಕೆಲಸ ಕಲಿಸಿದ ಸೋದರಮಾವ ಕಲಿಸಲಿಲ್ಲ.
"ಇನ್ನೊಂದು ಕಡತ ಇದೆ. ಅದು ಏನನ್ನೂ ಉಳಿಸೋದಿಲ್ಲ."
ಎದ್ದು ಹೋದ. ಹೋಗದೆ ಬಾಗಿಲಲ್ಲೇ ನಿಂತ,
ತುಟಿಯಲ್ಲೇ ಏನೋ ಎಣಿಸಿದ.
"ಸತ್ತ ಫೋನು ಮಡಕೆ ತೋರಿಸುತ್ತಾ? ಹಾಕು."

ಮೂರನೆಯ ಲೋಟ ಬರುವಷ್ಟರಲ್ಲಿ ಎದ್ದಿತು.
ಬಿಳೀ ಪರದೆ. ಮೊದಲ ಪ್ರಶ್ನೆ:
ಭಾಷೆ ಆಯ್ದುಕೊಳ್ಳಿ.
ಪಟ್ಟಿಯನ್ನು ಸರಿಸಿದ, ಕೆಳಗೆ, ಇನ್ನೂ ಕೆಳಗೆ.
ಐಸ್‌ಲ್ಯಾಂಡಿನವರದಿತ್ತು, ಕೊರಿಯಾದವರದಿತ್ತು;
ಅವನ ವೊಲೊಫ್ ಇರಲಿಲ್ಲ, ನನ್ನ ಪುಲಾರ್ ಇರಲಿಲ್ಲ.
"ಫ್ರೆಂಚೇ ಒತ್ತು," ಅಂದೆ. ಒತ್ತಲಿಲ್ಲ.

"ನೀರಿನ ಟ್ಯಾಂಕು," ಅಂದ ಇದ್ದಕ್ಕಿದ್ದಂತೆ,
"ಮಿನಾರಿನ ಹಿಂದೆ ಪೂರಾ ಮರೆಯಾಗಬೇಕು.
ಅಲ್ಲಿ ಸೀಸದ ಗುಂಡಿಗೆ ಮೇಣ ಹಚ್ಚಿ ಇಳಿಸು,
ಅಪ್ಪ ಹಾಗೇ ಮಾಡ್ತಿದ್ದ.
ಮೇಣಕ್ಕೆ ಕಪ್ಪು ಮರಳು ಅಂಟಿದರೆ, ಒಂದು ಹಗ್ಗ."
ಸಿಮ್ ಪೊಟ್ಟಣದ ಬೆನ್ನಿಗೆ ಬರೆದುಕೊಟ್ಟೆ,
ಬಲ ಹೆಬ್ಬೆರಳು ಜೋಮು ಹಿಡಿದಿತ್ತು, ಎಡಗೈಯಲ್ಲಿ,
ಸೊಟ್ಟ ಸೊಟ್ಟ.
ಮೂರು ಹಗ್ಗ ಬಾಯಿಗೆ ಬಂದವು.

"ಉಳಿದ ಐದು?"
ನಕ್ಕ. "ಇನ್ನೂರೈವತ್ತು ಮನೆ, ಬಾಡಿಗೆ ಇಲ್ಲ.
ಇರಲಿ ಬಿಡು, ಅವೂ ಬಾಳಲಿ."

ಮುನ್ನೂರನ್ನೂ ಎಣಿಸಿ ಕೊಟ್ಟು
ಚೀಟಿಯನ್ನು ಟೋಪಿಯೊಳಗೆ ಮಡಿಸಿಟ್ಟ,
ಫೋನನ್ನು ಅಂಗಿಯ ಜೇಬಿಗಿಳಿಸಿದ.
ಸಂತೆಯ ಧೂಳಲ್ಲಿ ಅವನು ಮರೆಯಾಗುವ ತನಕ
ತೆಳುವಾದ ಬಟ್ಟೆಯೊಳಗಿಂದ ಆ ಬೆಳಕು
ಕೇಳುತ್ತಲೇ ಇತ್ತು.